ಕಂಪ್ರೆಸರಿನ ಕಾಲಡಿಯ ಐದು

ತಮ್ಮನ ಗ್ಯಾರೇಜಿಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಬೈಕುಗಳಲ್ಲ, ಎದುರು ಗೋಡೆಯ ಮೇಲೆ ಗಾಜು ಹಾಕಿಸಿ ತೂಗುಹಾಕಿರುವ ಒಂದು ಗ್ರಾಫು. ಕೆಂಪು ಗೆರೆಯೊಂದು ಎಡಗಡೆಯ ಕೆಳಮೂಲೆಯಿಂದ ಹೊರಟು, ಎಲ್ಲೂ ತಡವರಿಸದೆ, ಬಲಗಡೆಯ ಮೇಲ್ಮೂಲೆಗೆ ಏರಿ ಹೋಗುತ್ತದೆ. ಅವನ ಅಕ್ಕನ ರೇಸ್ ಬೈಕಿನ ಎಂಜಿನ್ನಿಗೆ ಎಷ್ಟು ಶಕ್ತಿ ಇದೆ ಎಂಬುದರ ಚಿತ್ರ ಅದು. ತನ್ನ ಮದುವೆಯ ಫೋಟೊಗೆ ಅವನು ಇನ್ನೂ ಚೌಕಟ್ಟು ಹಾಕಿಸಿಲ್ಲ, ಅದು ಲಕೋಟೆಯಲ್ಲೇ ಇದೆ. ಅವನ ಹೆಂಡತಿ ಇದನ್ನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡು ಸುಮ್ಮನಾಗಿದ್ದಾಳೆ.

ಗ್ರಾಫು ಅಷ್ಟು ಚೆನ್ನಾಗಿದ್ದ ಮೇಲೆ ಅಕ್ಕ ವರ್ಷ ವರ್ಷವೂ ಏಳನೆಯವಳಾಗಿಯೇ ಏಕೆ ಬರುತ್ತಾಳೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ತಮ್ಮನ ಬಳಿ ಉತ್ತರವಿತ್ತು. ಎಂಜಿನ್ನಿನಲ್ಲಿ ಕೊರತೆ ಇಲ್ಲ ಎಂದ ಮೇಲೆ ಕೊರತೆ ಎಲ್ಲಿದೆ ಎಂದು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಕ್ಕನಿಗೆ ಅದು ಅರ್ಥವಾಗುತ್ತಿತ್ತು, ಚೆನ್ನಾಗಿಯೇ ಚುಚ್ಚುತ್ತಿತ್ತು.

ಬೀದಿಯಲ್ಲಿ ಅವಳನ್ನು ಎಲ್ಲರೂ ಟೈಲರಕ್ಕ ಎನ್ನುತ್ತಾರೆ. ಗ್ಯಾರೇಜಿನ ಮೇಲಿನ ಮಹಡಿಯಲ್ಲಿ, ಅಮ್ಮನ ಜೊತೆ ಇರುವ ಮನೆಯ ಮುಂದಿನ ಕೋಣೆಯಲ್ಲಿ, ರೇಸಿನವರ ತೊಗಲಿನ ಸೂಟುಗಳನ್ನು ಹೊಲಿಯುವುದು ಅವಳ ಕಸುಬು. ಟ್ರ್ಯಾಕಿನಲ್ಲಿ ಅವಳ ಮುಂದೆ ಓಡುವ ಆರು ಜನರಲ್ಲಿ ನಾಲ್ವರ ಮೈಮೇಲಿರುವುದು ಅವಳೇ ಹೊಲಿದ ಸೂಟು. ಯಾರ ಸೊಂಟ ಈ ವರ್ಷ ಎಷ್ಟು ದಪ್ಪವಾಗಿದೆ ಎಂಬುದು ಅವರವರ ಹೆಂಡಂದಿರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಆದರೆ ಏನು ಪ್ರಯೋಜನ, ಆ ದಪ್ಪ ಸೊಂಟಗಳ ಹಿಂಭಾಗವನ್ನು ಮೂರು ವರ್ಷದಿಂದ ಅವಳು ಗೆರೆ ದಾಟುವವರೆಗೂ ನೋಡುತ್ತಲೇ ಬಂದಿದ್ದಾಳೆ.

ಕ್ಲಬ್ಬಿನ ನಿಯಮ ಸರಳ. ವರ್ಷದ ಕೊನೆಯ ರೇಸಿನಲ್ಲಿ ಮೊದಲ ಆರು ಜನ ಮುಂದಿನ ವರ್ಷ ಮೇಲಿನ ದರ್ಜೆಗೆ ಹೋಗುತ್ತಾರೆ. ಹೋಗಲು ಮನಸ್ಸಿಲ್ಲದವರು ಇಲ್ಲೇ ಉಳಿಯಬಹುದು, ಅವರ ಜಾಗ ಮಾತ್ರ ಏಳನೆಯವರಿಗೆ ಸಿಗುವುದಿಲ್ಲ. ಇನ್ನೊಂದು ನಿಯಮವೂ ಇದೆ. ಮೇಲಿನ ದರ್ಜೆಗೆ ಹೊಸದಾಗಿ ಸೇರುವವರಿಗೆ ನಲವತ್ತು ತುಂಬಿರಬಾರದು. ಬರುವ ವರ್ಷದ ನಡುವೆ ಟೈಲರಕ್ಕನಿಗೆ ನಲವತ್ತು ತುಂಬುತ್ತದೆ. ಅಂದರೆ ಈ ಸಲ ಆರರೊಳಗೆ ಬಂದರೆ ಬಂತು, ಇಲ್ಲದಿದ್ದರೆ ಜನ್ಮದಲ್ಲಿ ಇಲ್ಲ.

ರೇಸಿಗೆ ಇನ್ನೆರಡು ವಾರ ಇರುವಾಗ ತಮ್ಮ ಅವಳನ್ನು ಕೆಳಗೆ ಕರೆದ. ಮೇಜಿನ ಮೇಲೆ ಬಿಡಿಭಾಗಗಳ ಪುಸ್ತಕ ಹರಡಿಕೊಂಡು, ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ಹಾಳೆ ತಿರುವುತ್ತಿದ್ದ.

"ಅಕ್ಕಾ, ಇಲ್ನೋಡು. ಈ ಕ್ಯಾಮ್‌ಶಾಫ್ಟ್ ಹಾಕಿದ್ರೆ ಮೇಲ್ಗಡೆ, ಕೈ ಪೂರ್ತಿ ತಿರುಗಿಸಿದಾಗ, ಇನ್ನೂ ನಾಲ್ಕು ಎಚ್‌ಪಿ ಬರತ್ತೆ. ಸೈಲೆನ್ಸರ್ ಮೂರು ವರ್ಷದ ಹಿಂದೇನೇ ಬಾಯಿ ತೆರೆದಿರೋದು ಹಾಕಾಯ್ತು, ಏರ್ ಫಿಲ್ಟರ್ ರೇಸಿಂದು. ಇದೊಂದು ಆದ್ರೆ ಹಲ್ಲಿನ ಡಾಕ್ಟ್ರನ್ನ ಮುಟ್ಟಿಬಿಡ್ತೀವಿ."

ಹಲ್ಲಿನ ಡಾಕ್ಟರು ಎಂದರೆ ಪ್ರತಿ ವರ್ಷವೂ ಆರನೆಯವರಾಗಿ ಬರುವವರು. ಮೇಲಿನ ದರ್ಜೆ ಅವರಿಗೆ ಬೇಡ, ಅಲ್ಲಿ ಬಿದ್ದರೆ ಕೈ ಮುರಿಯುತ್ತದೆ, ಕೈ ಮುರಿದರೆ ಹಲ್ಲು ಕೀಳುವವರು ಯಾರು ಎನ್ನುತ್ತಾರೆ. ಬೇಡವಾದ ಜಾಗವನ್ನು ವರ್ಷ ವರ್ಷವೂ ಗೆಲ್ಲುತ್ತಾರೆ. ಒಳ್ಳೆಯ ಮನುಷ್ಯ, ಆದರೂ ಅವರ ಹೆಸರು ಕೇಳಿದರೆ ಟೈಲರಕ್ಕನಿಗೆ ಹಲ್ಲು ಕಡಿಯುವಂತಾಗುತ್ತದೆ.

"ನಾನು ಹೇಳೋದು ನಿನ್ನ ಕಿವಿಗೆ ಬೀಳತ್ತೇನೋ?" ಎಂದಳು ಅವಳು. "ಮೇಲ್ಗಡೆ ನಂಗೇನೂ ತೊಂದ್ರೆ ಇಲ್ಲ. ತಿರುವಿನಿಂದ ಆಚೆ ಬರ್ತಾ ಕೈ ಸ್ವಲ್ಪ ತಿರುಗಿಸಿದ್ರೆ ಬೈಕ್ ಒಂದ್ಸಲ ಬಿಕ್ಕತ್ತೆ. ಆಮೇಲೆ ಧಡಕ್ಕಂತ ಎಗರತ್ತೆ. ಅಷ್ಟರಲ್ಲಿ ಅವರೆಲ್ಲ ಹೋಗಿರ್ತಾರೆ."

"ಎಲ್ಲಿ ಬಿಕ್ಕತ್ತೆ?" ತಮ್ಮ ಗೋಡೆಯ ಕಡೆ ಕೈ ತೋರಿಸಿದ. "ಗೆರೆ ಮೇಲೆ ತೋರ್ಸು. ಎಲ್ಲಾದ್ರೂ ಒಂದು ತಗ್ಗು ಇದ್ಯಾ?"

ಇರಲಿಲ್ಲ. ಗೆರೆ ಎಣ್ಣೆ ಹಚ್ಚಿದಂತೆ ನುಣುಪಾಗಿತ್ತು.

"ಹೆದರಿಕೆ ಇರ್ಬೇಕು ಅಕ್ಕಾ. ಕೈ ಬಿಗಿ ಹಿಡೀತೀಯ. ವಯಸ್ಸಾದ ಮೇಲೆ ಎಲ್ಲರಿಗೂ..."

ಅವನು ಮಾತು ಅಲ್ಲಿಗೇ ನುಂಗಿಕೊಂಡ. ಅಕ್ಕನ ಮುಖ ನೋಡಿದ್ದರೆ ನೀವೂ ನುಂಗಿಕೊಳ್ಳುತ್ತಿದ್ದಿರಿ. ಅವಳು ಬಾಗಿಲ ಕಡೆ ತಿರುಗಿದಳು. ತಿರುಗಿದವಳ ಕಣ್ಣು ಮೂಲೆಯಲ್ಲಿ ಗಡಗಡ ಎನ್ನುವ ಗಾಳಿ ಕಂಪ್ರೆಸರಿನ ಮೇಲೆ ಬಿತ್ತು. ಅದರ ಒಂದು ಕಾಲು ಗಿಡ್ಡ. ಅಲುಗಾಡದಿರಲಿ ಎಂದು ಆ ಕಾಲಡಿ ಏನೋ ತುರುಕಿತ್ತು. ಬಗ್ಗಿ ನೋಡಿದರೆ ಹಳದಿ ಹಲಗೆ, ಅದರ ಮೇಲೆ ಕಪ್ಪು ಬಣ್ಣದ ಐದು.

ರೇಸಿನ ದಿನ ಪಿಟ್ ಗೋಡೆಯ ಬಳಿ, ಅಂದರೆ ಟ್ರ್ಯಾಕಿನ ಪಕ್ಕ ಬೈಕು ನಿಲ್ಲಿಸುವ ಜಾಗದಲ್ಲಿ, ನಿಂತು ತಮ್ಮ ಎತ್ತಿ ತೋರಿಸುವ ಬೋರ್ಡಿನ ಅಂಕಿ ಅದು. ದೊಡ್ಡ ಅಂಕಿಗಳು ನೀನು ಎಷ್ಟನೆಯವಳು ಎಂದು ಹೇಳಲು, ಚಿಕ್ಕವು ಇನ್ನೆಷ್ಟು ಸುತ್ತು ಉಳಿದಿದೆ ಎಂದು ಹೇಳಲು. ಏಳರ ಹಲಗೆ ಎತ್ತಿ ಎತ್ತಿ ಅದರ ಅಂಚಿನ ಬಣ್ಣವೆಲ್ಲ ಕಿತ್ತುಹೋಗಿದೆ. ಐದು ಮಾತ್ರ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಹೊಳೆಯುತ್ತಿತ್ತು.

"ಇದೇನೋ ಇದು?"

ತಮ್ಮ ತಲೆ ಎತ್ತದೆ ಹೇಳಿದ, "ಸರಿಯಾದ ದಪ್ಪ ಇತ್ತು. ಐದು ಯಾರಿಗೆ ಬೇಕು ಹೇಳು, ಬೇಕಾದಾಗ ತೆಗೆದ್ರಾಯ್ತು."

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದೇ ಅವಳಿಗೆ ಹೆಚ್ಚು ನೋವಾಗಿದ್ದು. ಬೈಯಬೇಕೆಂದೇ ಹೇಳಿದ್ದರೆ ತಿರುಗಿ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವಳು ಮೆಟ್ಟಿಲು ಹತ್ತಿ ಬಂದು ಹೊಲಿಗೆ ಯಂತ್ರದ ಮುಂದೆ ಕೂತಳು, ಕಣ್ಣು ತುಂಬಿಕೊಂಡಿತು, ಒರೆಸಿಕೊಂಡಳು. ಕೆಲಸ ನಿಲ್ಲುವಂತಿರಲಿಲ್ಲ. ಹಲ್ಲಿನ ಡಾಕ್ಟರ ಸೂಟಿನ ಸೊಂಟ ಬಿಚ್ಚಿ ಅಗಲ ಮಾಡಿ, ತೋಳಿಗೆ ಹೊಸ ತೊಗಲು ಕೂರಿಸುವುದಿತ್ತು.

ನೇರವಾದ ಹೊಲಿಗೆಯಲ್ಲಿ ಏನಿದೆ, ಪೆಡಲು ಪೂರ್ತಿ ಒತ್ತಿದರೆ ಯಂತ್ರ ತಾನೇ ಓಡುತ್ತದೆ. ಭುಜದ ಬಳಿ ತೋಳು ಸುತ್ತಿ ಬರುವ ಕಡೆ ಬಂದಾಗ ಮಾತ್ರ ಉಸಿರು ಬಿಗಿಹಿಡಿಯಬೇಕು. ಅಲ್ಲಿ ಪಾದದ ಹೆಬ್ಬೆರಳಿನಿಂದ ಪೆಡಲನ್ನು ಮುಟ್ಟಿಯೂ ಮುಟ್ಟದ ಹಾಗೆ ಒತ್ತಿ, ಒಂದೊಂದೇ ಹೊಲಿಗೆ ಹಾಕುತ್ತ, ಎಡಗೈಯಲ್ಲಿ ತೊಗಲನ್ನು ತಿರುಗಿಸುತ್ತ ಹೋಗಬೇಕು. ತೊಗಲಿನಲ್ಲಿ ಒಮ್ಮೆ ಸೂಜಿ ತಪ್ಪಿತೆಂದರೆ ತೂತು ತೂತೇ.

ಅವಳು ತೋಳಿನ ಸುತ್ತು ಮುಗಿಸಿ ಕಾಲು ಎತ್ತಿದವಳು ಹಾಗೇ ಕೂತಳು.

ಹಿಂದೊಮ್ಮೆ ಈ ಯಂತ್ರಕ್ಕೆ ಅವಳು ಹೊಸ ಮೋಟಾರು ತಂದಿದ್ದಳು. ಮಾರಿದವನು ಅದರ ವೇಗವನ್ನು ಹೊಗಳಿದ್ದೇ ಹೊಗಳಿದ್ದು, ಡಬ್ಬದ ಮೇಲೂ ಅದೇ ಸಂಖ್ಯೆ ಇಷ್ಟು ದೊಡ್ಡದಾಗಿ ಅಚ್ಚಾಗಿತ್ತು. ನೇರ ಹೊಲಿಗೆಯಲ್ಲಿ ನಿಜವಾಗಿಯೂ ಗಾಳಿಯಂತೆ ಓಡಿತ್ತು. ಆದರೆ ತೋಳಿನ ಬಳಿ ಬಂದು ಪೆಡಲನ್ನು ಹಗುರಾಗಿ ಒತ್ತಿದರೆ ಅಲುಗುತ್ತಲೇ ಇರಲಿಲ್ಲ. ಇನ್ನು ಸ್ವಲ್ಪ ಒತ್ತಿದರೆ ಕುಪ್ಪಳಿಸಿ ನಾಲ್ಕು ಹೊಲಿಗೆ ಹಾಕಿಬಿಡುತ್ತಿತ್ತು. ಒಂದು ಒಳ್ಳೆಯ ತೊಗಲು ಹಾಳಾದ ಮೇಲೆ ಅವಳು ಆ ಮೋಟಾರನ್ನು ಕಿತ್ತು ವಾಪಸು ಕೊಟ್ಟು, ಹಳೆಯದನ್ನೇ ಮತ್ತೆ ಕೂರಿಸಿದ್ದಳು. ಮಾರಿದವನು ಆಗ ಕೇಳಿದ್ದು ನೆನಪಾಯಿತು. "ಯಾಕಕ್ಕಾ, ಪೂರ್ತಿ ಒತ್ತಿ ನೋಡಿದ್ನಲ್ಲ, ಸೂಪರಾಗಿ ಓಡ್ತಿತ್ತಲ್ಲ?"

ಪೂರ್ತಿ ಒತ್ತಿ ನೋಡಿದ್ದ. ತಮ್ಮನೂ ಗ್ಯಾರೇಜಿನಲ್ಲಿ ಬೈಕಿನ ಹಿಂಚಕ್ರವನ್ನು ಶಕ್ತಿ ಅಳೆಯುವ ದೊಡ್ಡ ರೋಲರಿನ ಮೇಲೆ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿಯೇ ಗ್ರಾಫು ತೆಗೆಯುತ್ತಾನೆ. ಇನ್ನು ರೇಸಿನ ದಿನ? ರೇಸಿನ ದಿನ ಅವನು ಬೋರ್ಡು ಹಿಡಿದು ನಿಲ್ಲುವುದು ಪಿಟ್ ಗೋಡೆಯ ಬಳಿ, ನೇರ ದಾರಿಯ ಪಕ್ಕದಲ್ಲಿ. ಅಲ್ಲಿ ಅವಳ ಕೈ ಪೂರ್ತಿ ತಿರುಗಿರುತ್ತದೆ. ಅವಳ ಬೈಕು ಅರ್ಧ ಕೈಯಲ್ಲಿ, ಕಾಲು ಕೈಯಲ್ಲಿ ಏನು ಮಾಡುತ್ತದೆ ಎಂದು ಅವನು ಒಂದು ದಿನವೂ ಕೇಳಿಸಿಕೊಂಡಿಲ್ಲ. ಅವನ ಮೊಣಕಾಲು ಹಾಳಾಗಿರುವುದರಿಂದ ಟ್ರ್ಯಾಕಿನಲ್ಲಿ ಓಡಿಸಿ ನೋಡಿಯೂ ಇಲ್ಲ.

"ಅಯ್ಯೋ ನನ್ನ ಕರ್ಮವೇ!" ಎಂದು ಅವಳು ಗಟ್ಟಿಯಾಗಿ ಕೂಗಿದ್ದಕ್ಕೆ ಒಳಗಿನಿಂದ ಅಮ್ಮ, "ಬೆರಳಿಗೆ ಚುಚ್ಕೊಂಡ್ಯಾ?" ಎಂದು ಕೇಳಿದಳು.

ಮುಂದಿನ ಅಭ್ಯಾಸದ ದಿನ ಬೆಳಿಗ್ಗೆ ಟ್ರ್ಯಾಕಿನಲ್ಲಿ ಅಕ್ಕ ತಮ್ಮನ ಕೈಯಿಂದ ಬೋರ್ಡು ಕಿತ್ತು ನೆಲದ ಮೇಲಿಟ್ಟಳು.

"ಇವತ್ತು ನೀನು ಇಲ್ಲಿ ನಿಲ್ಲಬೇಡ. ಮೂರನೇ ತಿರುವಿನ ಆಚೆ, ಟೈರಿನ ಗೋಡೆ ಹಿಂದೆ ಹೋಗಿ ನಿಂತ್ಕೊ."

"ಅಲ್ಲೇನಿದೆ? ಅಲ್ಲಿ ನೆರಳೂ ಇಲ್ಲ."

"ಟೋಪಿ ಹಾಕ್ಕೊಂಡು ಹೋಗು."

ಗೊಣಗುತ್ತಲೇ ಹೋದ. ಅವಳು ಹೊರಟಳು. ಮೂರನೇ ತಿರುವಿನಲ್ಲಿ ಬೈಕನ್ನು ಮೊಣಕಾಲು ನೆಲಕ್ಕೆ ತಾಗುವಷ್ಟು ಬಾಗಿಸಿ, ಹೊರಬರುತ್ತ ಎಂದಿನಂತೆ ಕೈಯನ್ನು ಕಾಲುಭಾಗ ತಿರುಗಿಸಿದಳು. ಬೈಕು ಬಿಕ್ಕಿತು. ಆಮೇಲೆ ಎಗರಿತು. ಸುತ್ತು ಸುತ್ತಿಗೂ ಅದೇ ಕಥೆ. ತಮ್ಮನ ಹಸಿರು ಟೋಪಿ ಪ್ರತಿ ಸಲವೂ ಟೈರುಗಳ ಮೇಲೆ ಇನ್ನಷ್ಟು ಎತ್ತರಕ್ಕೆ ಬಂದಂತೆ ಅವಳಿಗೆ ಕಾಣಿಸಿತು. ಕೊನೆಯ ಸುತ್ತಿಗೆ ಅವನು ಟೋಪಿ ತೆಗೆದು, ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತಿದ್ದ.

ಅವಳು ಪಿಟ್ಟಿಗೆ ಬಂದು ಹೆಲ್ಮೆಟ್ ತೆಗೆಯುವ ಹೊತ್ತಿಗೆ ಕುಂಟುತ್ತ, ಏದುಸಿರು ಬಿಡುತ್ತ ಬಂದ. ಮುಖ ಪೆಚ್ಚಾಗಿತ್ತು.

"ಅಕ್ಕಾ, ಅದು ಕೆಮ್ತಾ ಇದೆ. ಕ್ಷಯ ಹಿಡಿದೋರ ಥರ ಕೆಮ್ತಾ ಇದೆ. ಡಾಕ್ಟ್ರ ಬೈಕು, ಆ ಐದನೇದು ಬರೋ ಬೇಕರಿಯವನ ಬೈಕು, ಯಾವುದೂ ಹಂಗೆ ಕೆಮ್ಮಲ್ಲ, ನಮ್ಮದೊಂದೇ. ಇಷ್ಟು ವರ್ಷ ನಾನು ತಪ್ಪು ಜಾಗದಲ್ಲಿ ನಿಂತಿದ್ನಲ್ಲ. ನಿನ್ನ ಹೆದರಿಕೆ ಅಂದ್ನಲ್ಲ."

ಅವನ ಕಣ್ಣು ಕೆಂಪಾಗಿತ್ತು. ಬಿಸಿಲಿಗೆ ಇರಬಹುದು ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು, ಏಕೆಂದರೆ ಅವನು ಅತ್ತರೆ ತಾನೂ ಅತ್ತುಬಿಡುವಂತಿದ್ದಳು.

"ನಿಂತಿದ್ದು ಸಾಕು, ಈಗ ಕೆಲಸ ಮಾಡೋಣ ನಡಿ," ಎಂದಳು.

ತಪ್ಪು ಎಲ್ಲಿದೆ ಎಂದು ಗೊತ್ತಾದ ಮೇಲೆ ತಮ್ಮನಿಗೆ ಅದು ಅಂಗೈ ಮೇಲಿನ ಹುಣ್ಣಿನಷ್ಟು ಸ್ಪಷ್ಟವಾಗಿ ಕಂಡಿತು. ಎಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲು ಸುರಿಯಬೇಕು ಎಂದು ಹೇಳುವ ಪುಟ್ಟ ಪೆಟ್ಟಿಗೆ ಸೀಟಿನ ಕೆಳಗಿದೆ. ಅದರೊಳಗೆ ಮನೆಮನೆಗಳ ಒಂದು ಪಟ್ಟಿ, ಅದಕ್ಕೆ ಮ್ಯಾಪು ಎನ್ನುತ್ತಾರೆ. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ, ಆಕ್ಸಿಲರೇಟರ್ ಎಷ್ಟು ತೆರೆದಿದೆ, ಈ ಎರಡನ್ನೂ ನೋಡಿ ಒಂದೊಂದು ಮನೆಗೂ ಬೇರೆ ಬೇರೆ ಅಳತೆ. ತಮ್ಮ ಪೂರ್ತಿ ತೆರೆದಾಗಿನ ಕೊನೆಯ ಸಾಲನ್ನು ಮಾತ್ರ ಮುತ್ತಿನಂತೆ ತಿದ್ದಿದ್ದ. ಉಳಿದ ಸಾಲುಗಳೆಲ್ಲ ಹಳೆಯ ಸೈಲೆನ್ಸರಿಗೆ, ಹಳೆಯ ಫಿಲ್ಟರಿಗೆ ಇದ್ದ ಅಳತೆಯಲ್ಲೇ ಇದ್ದವು. ಹೊಸ ಫಿಲ್ಟರು, ಹೊಸ ಸೈಲೆನ್ಸರು ಸೇರಿ ಎಂಜಿನ್ನಿಗೆ ಗಾಳಿಯನ್ನು ಧಾರಾಳವಾಗಿ ಬಿಟ್ಟಿದ್ದವು, ಪೆಟ್ರೋಲು ಮಾತ್ರ ಹಳೆಯ ಲೆಕ್ಕದಲ್ಲೇ ಸಿಗುತ್ತಿತ್ತು. ಹೊಟ್ಟೆ ತುಂಬದ ಎಂಜಿನ್ ಬಿಕ್ಕದೆ ಇನ್ನೇನು ಮಾಡೀತು?

ಮೂರು ದಿನ ಗ್ಯಾರೇಜಿನಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಬೈಕನ್ನು ರೋಲರಿನ ಮೇಲೆ ಕಟ್ಟಿ, ಅಕ್ಕನೇ ಅದರ ಮೇಲೆ ಕೂತಳು, ಕೈ ಅವಳದಾಗಿರಬೇಕಲ್ಲ. ತಮ್ಮ ರೋಲರಿಗೆ ಬ್ರೇಕು ಕೊಟ್ಟು ಚಕ್ರವನ್ನು ಒಂದೇ ವೇಗಕ್ಕೆ ಹಿಡಿದು ನಿಲ್ಲಿಸುತ್ತಿದ್ದ. ಅವಳು ಕೈಯನ್ನು ಕಾಲುಭಾಗದಲ್ಲಿ ಕದಲಿಸದೆ ಹಿಡಿಯುತ್ತಿದ್ದಳು. ಅವನು ಕಂಪ್ಯೂಟರಿನಲ್ಲಿ ಒಂದು ಮನೆ ತಿದ್ದುತ್ತಿದ್ದ.

"ಈಗ?"

"ಗಂಟಲು ಕಟ್ದಂಗಿದೆ."

"ಈಗ?"

"ಈಗ ಭಾರ ಆಯ್ತು, ಉಂಡು ಮಲಗಿದೋರ ಥರ."

"ಈಗ?"

"ಹಾಂ, ಬಿಡು, ಮುಟ್ಟಬೇಡ."

ಹೀಗೆ ಮನೆ ಮನೆಯನ್ನೂ ದಾಟುತ್ತ ಬಂದರು. ಬಿಕ್ಕು ನಿಂತಿತು. ಆದರೆ ನಡುವೆ ಎಲ್ಲೋ ಒಂದು ಕಡೆ ಬಲವೇ ಇಲ್ಲದ ಟೊಳ್ಳು ಉಳಿದುಹೋಯಿತು. ಪೆಟ್ರೋಲು ಹೆಚ್ಚಿಸಿದರೂ ಅಷ್ಟೇ, ತಗ್ಗಿಸಿದರೂ ಅಷ್ಟೇ.  ಕಾರಣ ತಮ್ಮನಿಗೆ ಗೊತ್ತಿತ್ತು, ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

"ಸೈಲೆನ್ಸರ್ ಅಲ್ವಾ?" ಎಂದಳು ಅಕ್ಕ.

"ಬಾಯಿ ತೆರೆದಿರೋದು ಮೇಲ್ಗಡೆಗೆ ಒಳ್ಳೇದು ಅಕ್ಕಾ, ನಡುವೆ ಸ್ವಲ್ಪ ತಿನ್ನತ್ತೆ. ಹಳೇ ಪೈಪು, ಹಳೇ ಸೈಲೆನ್ಸರ್ ಹಾಕಿದ್ರೆ ನಡುವೆ ತುಂಬತ್ತೆ. ಆದ್ರೆ ಮೇಲ್ಗಡೆ ಆರೇಳು ಎಚ್‌ಪಿ ಹೋಗಿಬಿಡತ್ತೆ." ಅವನು ಗೋಡೆಯ ಗ್ರಾಫಿನ ಕಡೆ ನೋಡಿದ. ಹೆತ್ತ ಮಗುವನ್ನು ಬೇರೆಯವರ ಮನೆಗೆ ಕಳಿಸು ಎಂದಿದ್ದರೂ ಅಷ್ಟು ಸಂಕಟಪಡುತ್ತಿರಲಿಲ್ಲವೇನೋ. "ನೇರ ದಾರೀಲಿ ಎಲ್ಲರೂ ನಿನ್ನ ದಾಟಿಕೊಂಡು ಹೋಗ್ತಾರೆ. ನನ್ನ ಕೈಲಿ ನೋಡೋಕಾಗಲ್ಲ."

ಅಕ್ಕನೂ ಒಮ್ಮೆ ಯೋಚಿಸಿದಳು. ಇರುವುದೊಂದೇ ರೇಸು. ಇರುವ ಬಲವನ್ನೇ ಕಿತ್ತು ಕೆಳಗಿಟ್ಟು ಹೋಗುವುದೆಂದರೆ ಸುಮ್ಮನೆಯೇ? ಕಣ್ಣು ಮುಚ್ಚಿ ಟ್ರ್ಯಾಕನ್ನು ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದಳು. ನೇರ ದಾರಿ ಒಂದೇ ಒಂದು, ಉಳಿದದ್ದೆಲ್ಲ ತಿರುವು. ಸೂಟಿನಲ್ಲಿಯೂ ಹಾಗೇ ಅಲ್ಲವೇ, ಎಲ್ಲರಿಗೂ ಕಾಣುವುದು ಬೆನ್ನಿನ ನೇರ ಹೊಲಿಗೆ, ಕಿತ್ತುಹೋಗುವುದು ಮಾತ್ರ ತೋಳಿನ ಬಳಿ.

"ನಾನು ಗ್ರಾಫ್ ಓಡಿಸಲ್ಲ ಕಣೋ, ಬೈಕ್ ಓಡಿಸ್ತೀನಿ. ಹಳೇದನ್ನ ಹಾಕು."

ಹಳೆಯ ಪೈಪುಗಳು ಅಟ್ಟದಲ್ಲಿ ಸಿಕ್ಕವು. ಸೈಲೆನ್ಸರ್ ಮಾತ್ರ ಅಮ್ಮನ ವಶದಲ್ಲಿತ್ತು. ಗಾಳಿಗೆ ಬಡಿದುಕೊಳ್ಳುವ ಅಡುಗೆಮನೆ ಬಾಗಿಲಿಗೆ ಅದನ್ನು ಅಡ್ಡ ಇಟ್ಟುಕೊಂಡಿದ್ದಳು, ದಿನಾ ಒರೆಸಿ ಫಳಫಳ ಮಾಡಿಟ್ಟಿದ್ದಳು.

"ಅದನ್ನ ತಗೊಂಡ್ಹೋದ್ರೆ ನನ್ನ ಬಾಗಿಲಿಗೇನು ಮಾಡ್ಲಿ?"

ತಮ್ಮ ಬಾಯಿ ತೆರೆದ ಹೊಸ ಸೈಲೆನ್ಸರನ್ನು ತಂದು ಬಾಗಿಲಿಗೆ ಒರಗಿಸಿದ. ಅಮ್ಮ ಅದನ್ನು ಕಾಲಿನಿಂದ ತಳ್ಳಿ ನೋಡಿ, "ಇದು ಹಗುರ, ಅದೇ ಚೆನ್ನಾಗಿತ್ತು," ಎಂದು ಮೂಗು ಮುರಿದಳು. ಅಷ್ಟೊಂದು ಅಕ್ಕರೆಯಿಂದ ಕೊಂಡದ್ದಕ್ಕೆ ಆ ಮನೆಯಲ್ಲಿ ಸಿಕ್ಕ ಮರ್ಯಾದೆ ಅಷ್ಟೇ.

ಹಳೆಯ ಸೈಲೆನ್ಸರ್ ಏರಿತು, ಮ್ಯಾಪಿನ ಮನೆಗಳನ್ನು ಮತ್ತೆ ಮೊದಲಿನಿಂದ ತಿದ್ದಿದರು. ಹೊಸ ಗ್ರಾಫಿನ ತುದಿ ತಗ್ಗಿತ್ತು, ಹೊಟ್ಟೆ ತುಂಬಿಕೊಂಡಿತ್ತು. ತಮ್ಮ ಅದನ್ನು ಅಚ್ಚು ಹಾಕಲೇ ಇಲ್ಲ. ಕ್ಯಾಮ್‌ಶಾಫ್ಟಿನ ಹಾಳೆ ತೆರೆದುಕೊಂಡಿದ್ದ ಪುಸ್ತಕವನ್ನು ಮಾತ್ರ ಸದ್ದಿಲ್ಲದೆ ಮುಚ್ಚಿ ಕಪಾಟಿಗೆ ಸೇರಿಸಿದ.

ರೇಸಿನ ದಿನ ಬೈಕುಗಳನ್ನು ಸಾಲಿಗೆ ತರುವಾಗ ಬೇಕರಿಯವನು ಹೆಲ್ಮೆಟ್ಟಿನೊಳಗಿನಿಂದ ಹಲ್ಲು ಕಿರಿದ. ಪ್ರತಿ ವರ್ಷವೂ ಐದನೆಯವನಾಗಿ ಬಂದು, ಮೇಲಿನ ದರ್ಜೆ ಬೇಡವೆಂದು ಇಲ್ಲೇ ಉಳಿಯುವ ಆಸಾಮಿ. ಅವನ ಸೂಟಿನ ಸೊಂಟವನ್ನು ಅಕ್ಕ ಎರಡು ಸಲ ಬಿಚ್ಚಿ ಹೊಲಿದಿದ್ದಾಳೆ.

"ಏನು ಟೈಲರಕ್ಕಾ, ಬೈಕಿನ ಗಂಟಲು ಕೂತಿದ್ಯಾ? ಸದ್ದೇ ಇಲ್ವಲ್ಲ."

"ಇಲ್ಲಪ್ಪ, ನೀನು ಬನ್ ತಿನ್ನೋ ಸದ್ದು ಕೇಳಿಸ್ಲಿ ಅಂತ," ಎಂದಳು ಅಕ್ಕ. ಹಲ್ಲಿನ ಡಾಕ್ಟರು ಕಿಸಕ್ಕನೆ ನಕ್ಕು, ಆಮೇಲೆ ಸಭ್ಯರಾಗಿ ಬೇರೆ ಕಡೆ ನೋಡಿದರು.

ಕೆಂಪು ದೀಪ ಆರಿತು. ಹೊರಟರು.

ಮೊದಲ ಸುತ್ತು ಮುಗಿಸಿ ನೇರ ದಾರಿಗೆ ಬರುತ್ತಿದ್ದಂತೆ ತಮ್ಮ ಹೆದರಿದ್ದೇ ಆಯಿತು. ಎಂದೂ ತನ್ನನ್ನು ದಾಟದಿದ್ದವನೊಬ್ಬ ಪಕ್ಕದಲ್ಲಿ ಗುಡುಗಿಕೊಂಡು ಮುಂದೆ ಹೋದ. ಗೋಡೆಯ ಬಳಿ ತಮ್ಮ ಎತ್ತಿ ಹಿಡಿದದ್ದು ಎಂಟು. ಬೋರ್ಡಿನ ಹಿಂದೆ ಅವನ ಮುಖ ಕಾಣಲಿಲ್ಲ, ಕಾಣದಿದ್ದದ್ದೇ ಒಳ್ಳೆಯದಾಯಿತು. 'ತಪ್ಪು ಮಾಡಿಬಿಟ್ಟೆನೇ?' ಎನಿಸಿತು ಅಕ್ಕನಿಗೆ.

ಆಮೇಲೆ ಮೂರನೇ ತಿರುವು ಬಂತು. ಬಾಗಿದಳು. ಹೊರಬರುತ್ತ ಕೈಯನ್ನು ಕಾಲುಭಾಗ ತಿರುಗಿಸಿದಳು, ಅಭ್ಯಾಸಬಲದಿಂದ ಮೈ ಆ ಬಿಕ್ಕಿಗೆ ಸಿದ್ಧವಾಗಿ ಬಿಗಿದುಕೊಂಡಿತು.

ಬಿಕ್ಕು ಬರಲಿಲ್ಲ. ಅವಳು ಎಷ್ಟು ಕೇಳಿದಳೋ ಬೈಕು ಅಷ್ಟೇ ಕೊಟ್ಟಿತು. ಇನ್ನಷ್ಟು ಕೇಳಿದಳು, ಇನ್ನಷ್ಟು ಕೊಟ್ಟಿತು. ಹಿಂದಿನ ಚಕ್ರ ನೆಲವನ್ನು ಕಚ್ಚಿಕೊಂಡು ತಳ್ಳುತ್ತಿತ್ತು. ಈಗಷ್ಟೇ ಗುಡುಗಿಕೊಂಡು ಹೋದವನು ಮುಂದಿನ ತಿರುವಿನ ಹೊತ್ತಿಗೆ ಅವಳ ಪಕ್ಕದಲ್ಲಿದ್ದ, ಅದರ ಮುಂದಿನದಕ್ಕೆ ಹಿಂದಿದ್ದ. ಹೆಲ್ಮೆಟ್ಟಿನೊಳಗೆ ಅವಳು ನಗುತ್ತಿದ್ದಳು. ಮೂರು ವರ್ಷ ತನ್ನ ಕೈಯನ್ನೇ ನಂಬದೆ ಓಡಿಸಿದವಳಿಗೆ ಈಗ ಅದೇ ಕೈಯ ಮೇಲೆ ಪ್ರೀತಿ ಉಕ್ಕಿ ಬಂತು.

ಬಣ್ಣ ಕಿತ್ತ ಏಳು ಕಾಣಿಸಿತು. ಹಲವು ಸುತ್ತು ಅದೇ ಏಳು. ಹಲ್ಲಿನ ಡಾಕ್ಟರು ತಿರುವುಗಳಲ್ಲಿ ಕೈಗೆ ಸಿಗುತ್ತಿದ್ದರು, ನೇರ ದಾರಿಯಲ್ಲಿ ತಪ್ಪಿಸಿಕೊಳ್ಳುತ್ತಿದ್ದರು. ಕೊನೆಗೆ ಒಂದು ತಿರುವಿನಲ್ಲಿ ಅವರು ಆತುರಪಟ್ಟು ಆಕ್ಸಿಲರೇಟರ್ ಜೋರಾಗಿ ತಿರುಗಿಸಿದರು, ಬೈಕಿನ ಬಾಲ ಜಾರಿತು, ಸಾವರಿಸಿಕೊಳ್ಳಲು ವೇಗ ತಗ್ಗಿಸಿದರು. ಅಷ್ಟರಲ್ಲಿ ಅಕ್ಕ ಅವರ ಒಳಮಗ್ಗುಲಿನಿಂದ, ತೋಳಿನ ಸುತ್ತು ಹೊಲಿಯುವಾಗಿನ ಅದೇ ನಿಧಾನದ ಕೈಯಲ್ಲಿ, ನುಸುಳಿ ಮುಂದೆ ಬಂದಿದ್ದಳು. ನೇರ ದಾರಿಯಲ್ಲೂ ಅವರಿಗೆ ಅವಳು ಮತ್ತೆ ಸಿಗಲಿಲ್ಲ.

ಗೋಡೆಯ ಬಳಿ ಆರು ಹೊಳೆಯಿತು. ಬಿಸಿಲು ಕಾಣದ ಹಲಗೆ, ಹೊಸ ಕಪ್ಪು ಬಣ್ಣ. ತಮ್ಮ ಅದನ್ನು ಹಿಡಿದು ಎಷ್ಟು ಕುಣಿಯುತ್ತಿದ್ದನೆಂದರೆ ಓದುವುದೇ ಕಷ್ಟವಾಗಿತ್ತು.

ಸಾಕು, ಆರು ಬಂತು, ಇಲ್ಲಿಗೆ ನಿಲ್ಲಿಸಿ ಜೋಪಾನವಾಗಿ ಹೋಗು ಎಂದಿತು ಅವಳ ಬುದ್ಧಿ. ಕೈ ಕೇಳಲಿಲ್ಲ. ಮುಂದೆ ಬೇಕರಿಯವನ ದಪ್ಪ ಸೊಂಟ ಕಾಣುತ್ತಿತ್ತು, ಅದರ ಮೇಲಿನ ಹೊಲಿಗೆ ಅವಳದೇ. ಎರಡು ಸುತ್ತು ಅವನ ಬೆನ್ನಿಗೆ ಅಂಟಿಕೊಂಡು ಹೋದಳು. ನೇರ ದಾರಿಗೆ ಬಂದು ಸೇರುವ ಕೊನೆಯ ತಿರುವಿನಲ್ಲಿ ಅವನಿಗಿಂತ ಮೊದಲು ಕೈ ತಿರುಗಿಸಿದಳು. ಅವನ ಬೈಕು ಇನ್ನೂ ಯೋಚಿಸುತ್ತಿತ್ತು, ಅವಳದು ಆಗಲೇ ಓಡುತ್ತಿತ್ತು.

ಗೋಡೆ ಹತ್ತಿರ ಬಂತು. ಬೋರ್ಡು ಇರಲಿಲ್ಲ. ತಮ್ಮ ಗೋಡೆಯ ಮೇಲೆ ಅರ್ಧ ದೇಹ ಹೊರಚಾಚಿ, ಬರಿಗೈ ಮೇಲೆತ್ತಿ, ಅಂಗೈ ಬಿಚ್ಚಿ ಹಿಡಿದಿದ್ದ. ಕರಿ ಮೆತ್ತಿದ ಐದು ಬೆರಳು, ಆದಷ್ಟೂ ಅಗಲಿಸಿ. ಇನ್ನೊಂದು ಕೈಯಲ್ಲಿ ತೋರುಬೆರಳೊಂದೇ. ಒಂದು ಸುತ್ತು ಬಾಕಿ.

ಹಲಗೆ ಕಂಪ್ರೆಸರಿನ ಕಾಲಡಿ ಇತ್ತು. ಅವಳಿಗೆ ಅದು ಹೊಳೆದು, ಇನ್ನೂರರ ಹತ್ತಿರದ ವೇಗದಲ್ಲಿ ಗಟ್ಟಿಯಾಗಿ ನಗು ಬಂತು.

ಕೊನೆಯ ಸುತ್ತಿನಲ್ಲಿ ಬೇಕರಿಯವನು ಬಿಡಲಿಲ್ಲ. ತಿರುವುಗಳಲ್ಲಿ ಅವಳು ಗಳಿಸಿದ್ದನ್ನೆಲ್ಲ ಕೊನೆಯ ನೇರ ದಾರಿಯಲ್ಲಿ ಕಸಿಯುತ್ತ ಬಂದ. ಗೆರೆಗೆ ಇನ್ನೂ ದೂರವಿರುವಾಗಲೇ ಅವನ ಮುಂಚಕ್ರ ಅವಳ ಮೊಣಕಾಲಿನ ಪಕ್ಕದಲ್ಲಿ ಕಾಣಿಸಿತು. ಅವಳ ಕೈ ಪೂರ್ತಿ ತಿರುಗಿತ್ತು, ಇನ್ನು ಕೇಳಲು ಏನೂ ಉಳಿದಿರಲಿಲ್ಲ. ಹೊಟ್ಟೆಯನ್ನು ಟ್ಯಾಂಕಿಗೆ ಅಪ್ಪಿ, ಗದ್ದವನ್ನು ಊರಿ, 'ಬಾರೇ ಬಾರೇ' ಎಂದು ಬೈಕನ್ನು ಅಂಗಲಾಚಿದಳು. ಅವನ ಚಕ್ರ ಅವಳ ಕೈಯವರೆಗೆ ಬಂತು. ಗೆರೆ ಕೆಳಗೆ ಹಾದುಹೋಯಿತು.

ಧ್ವನಿವರ್ಧಕದಲ್ಲಿ ಐದನೆಯ ಸ್ಥಾನಕ್ಕೆ ಅವಳ ಬೈಕಿನ ಸಂಖ್ಯೆ ಕೂಗಿದಾಗ ಅವಳಿಗೆ ಕೇಳಿಸಲಿಲ್ಲ. ಹೆಲ್ಮೆಟ್ಟಿನೊಳಗೆ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಪಿಟ್ಟಿನಲ್ಲಿ ತಮ್ಮ ಓಡಿ ಬಂದು ಬೈಕಿನ ಸಮೇತ ಅವಳನ್ನು ಅಪ್ಪಿಕೊಂಡ. ಬಿಸಿ ಸೈಲೆನ್ಸರಿಗೆ ಕಾಲು ತಾಗಿ "ಅಯ್ಯಯ್ಯೋ" ಎಂದು ಹಾರಿದ, ಮತ್ತೆ ಬಂದು ಅಪ್ಪಿಕೊಂಡ. ಡಾಕ್ಟರು ಬಂದು ಕೈ ಕುಲುಕಿದರು.

"ಮೇಲಿನ ದರ್ಜೇಲಿ ಜೋಪಾನ ಕಣಮ್ಮ. ಈ ಕೈಗೇನಾದ್ರೂ ಆದ್ರೆ ನಮ್ಮ ಸೂಟ್ ಹೊಲಿಯೋರು ಯಾರು?"

ಅಷ್ಟರಲ್ಲಿ ತಮ್ಮನ ಫೋನು ಬಡಿದುಕೊಂಡಿತು. ಅಮ್ಮ ರೇಸು ನೋಡಲು ಒಂದು ಸಲವೂ ಬಂದವಳಲ್ಲ, ಫೋನು ಮಾತ್ರ ತಪ್ಪದೆ ಮಾಡುತ್ತಾಳೆ. "ಏಳನೇದು ತಾನೆ? ಇರಲಿ ಬಿಡಿ, ಊಟಕ್ಕೆ ಬನ್ನಿ, ಆರಿಹೋಗತ್ತೆ," ಎಂದು ಉತ್ತರಕ್ಕೂ ಕಾಯದೆ ಹೇಳಿದಳು.

"ಅಮ್ಮಾ, ಐದನೇದು," ಎಂದಳು ಅಕ್ಕ.

 ಅತ್ತ ಕಡೆಯಿಂದ ಮೂಗು ಸೀಟಿದ ಸದ್ದು ಕೇಳಿಸಿತು. "ಎಲ್ಲಾ ನನ್ನ ಬಾಗಿಲಿಗಿಟ್ಟಿದ್ದ ಸೈಲೆನ್ಸರ್ ಮಹಿಮೆ," ಎಂದಳು ಅಮ್ಮ.

ಸಂಜೆ ಮನೆಗೆ ಬಂದವನೇ ತಮ್ಮ ಅಂಗಿ ಕೂಡ ಬದಲಿಸದೆ ಗ್ಯಾರೇಜಿನ ನೆಲದ ಮೇಲೆ ಮೊಣಕಾಲೂರಿದ. ಕಂಪ್ರೆಸರಿನ ಕಾಲನ್ನು ಒಂದು ಕೈಯಲ್ಲಿ ಎತ್ತಿ, ಐದರ ಹಲಗೆಯನ್ನು ಎಳೆದು ತೆಗೆದು, ಅಂಗಿಯ ತುದಿಯಿಂದ ಧೂಳು ಒರೆಸಿದ. ಗೋಡೆಯ ಗ್ರಾಫನ್ನು ಇಳಿಸಿ, ಚೌಕಟ್ಟಿನಿಂದ ಹಾಳೆ ಬಿಚ್ಚಿ ತೆಗೆದು, ಅದೇ ಮೊಳೆಗೆ ಐದನ್ನು ತೂಗುಹಾಕಿದ. ಇಳಿದ ಚೌಕಟ್ಟು ಖಾಲಿ ಇದೆಯಲ್ಲ ಎಂದು ಅವನ ಹೆಂಡತಿ ಅದನ್ನು ಮೆಲ್ಲಗೆ ಎತ್ತಿಕೊಂಡು ಲಕೋಟೆ ಹುಡುಕಲು ಹೋದಳು.

ಇತ್ತ ಕಾಲಡಿ ಆಸರೆ ತಪ್ಪಿದ ಕಂಪ್ರೆಸರು ಗಡಗಡ ಅಲುಗಾಡತೊಡಗಿತು. ತಮ್ಮ ಬೋರ್ಡಿನಿಂದ ಏಳರ ಹಲಗೆಯನ್ನು ಕಿತ್ತು ಅದರ ಕಾಲಡಿ ಇಟ್ಟ.

"ಇನ್ನು ಏಳು ಯಾರಿಗೆ ಬೇಕು?" ಎಂದ, ಎದೆ ಉಬ್ಬಿಸಿ.

ಮೆಟ್ಟಿಲ ಮೇಲೆ ನಿಂತಿದ್ದ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದಳು, "ಎತ್ತಿಟ್ಟಿರೋ. ಮುಂದಿನ ವರ್ಷ ದೊಡ್ಡೋರ ಜೊತೆ ಓಡ್ತಾಳೆ. ಹದಿನೇಳನೇದು ಬಂದ್ರೆ ಏನು ತೋರಿಸ್ತೀಯ?"

ತಮ್ಮ ಪೆಚ್ಚಾಗಿ ಅಕ್ಕನ ಮುಖ ನೋಡಿದ. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುತ್ತಲೇ ಮುಂದೆ ಬಂದು, ಬೂಟಿನ ಹಿಮ್ಮಡಿಯಿಂದ ಏಳನ್ನು ಕಾಲಡಿಗೆ ಇನ್ನಷ್ಟು ಒಳಕ್ಕೆ ಒದ್ದಳು. ಕಂಪ್ರೆಸರು ಸುಮ್ಮನಾಯಿತು.

"ಬಂದಾಗ ನಿನ್ನ ಬೆರಳಿದ್ಯಲ್ಲೋ," ಎಂದು ತಮ್ಮನ ತಲೆಗೆ ಮೊಟಕಿ, ಊಟಕ್ಕೆ ಮೆಟ್ಟಿಲು ಹತ್ತಿದಳು.